ಮುಚ್ಚಿದ ಲಕೋಟೆ

ಅರುವತ್ತು ತುಂಬಿ ಸರ್ಕಾರಿ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ, ಸುಮ್ಮನೆ ಕುಳಿತಿರಲಾರದೆ, ನಾವು ಹುಣಸೂರು ಸೀಮೆಯ ಖಾಸಗಿ ಪಾಠಶಾಲೆಯೊಂದರಲ್ಲಿ ಒಂದು ವರ್ಷ ಸಂಸ್ಕೃತವನ್ನು ಬೋಧಿಸಿದೆವು. ಸಂಬಳವು ಮುಚ್ಚಿದ ಲಕೋಟೆಯಲ್ಲಿ ಬರುತ್ತಿದ್ದಿತು. ಎಷ್ಟೆಂಬುದನ್ನು ಯಾರಲ್ಲಿಯೂ ಆಡಕೂಡದೆಂಬ ನಿಯಮಕ್ಕೆ ನಾವು ಒಪ್ಪಿದ್ದೆವು.

ಕನ್ನಡ ಪಾಠ ಹೇಳುತ್ತಿದ್ದ ತರುಣಿಯೊಬ್ಬರು ಒಂದು ದಿನ, “ಮೇಷ್ಟ್ರೇ, ನನಗೆ 8,000 ರೂಪಾಯಿ. ಎಲ್ಲರಿಗೂ ಇಷ್ಟೇ ಅಂತೆ, ಹೌದೇ?” ಎಂದು ಕೇಳಿದರು. ನಮಗೆ ಬರುತ್ತಿದ್ದುದು 12,000. ಆಕೆಗೆ ನಮಗಿಂತ ಹೆಚ್ಚು ತರಗತಿಗಳು. ನಾವಾದರೋ ಸತ್ಯವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. “ಘಂಟೆ ಹೊಡೆಯಿತಮ್ಮಾ” ಎಂದು ಎದ್ದುಹೋದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಧರ್ಮವೇ ಸರಿ. ಆದರೆ ಆ ಮಾತಿನಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ವಿಚಾರಿಸದಿರುವುದು ಧರ್ಮವೆ?

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದೆವು. ಐದನೆಯ ಅಧಿಕರಣದಲ್ಲಿ ಮಂತ್ರಿ ಪುರೋಹಿತರ 48,000 ಪಣಗಳಿಂದ ಮೊದಲಾಗಿ ಪರಿಚಾರಕರ 60 ಪಣಗಳವರೆಗೆ ವೇತನವನ್ನು ಎಣಿಸಿ ಬರೆದಿದೆ. ಅಂತರವು ಅಗಾಧ, ಆದರೂ ಹುದ್ದೆಗೆ ಇಷ್ಟೆಂಬ ಕ್ರಮವುಂಟು. ನಮ್ಮ ಸರ್ಕಾರಿ ಸಂಬಳವೂ ಊರಿಗೆಲ್ಲ ತಿಳಿದಿದ್ದಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯು ಸರ್ಕಾರಿ ನೌಕರರ ಮಾಸಿಕ ವೇತನವನ್ನು ಪ್ರಕಟಿಸಬೇಕೆಂದೇ ವಿಧಿಸಿದೆ. ಅದರಿಂದ ನಮ್ಮ ಮಾನವೇನೂ ಹೋಗಲಿಲ್ಲ.

ಕಟ್ಟೆಮಳಲವಾಡಿ, ಪಿರಿಯಾಪಟ್ಟಣಗಳ ತಂಬಾಕು ಹರಾಜಿನಲ್ಲಿ ಒಬ್ಬನ ಸೊಪ್ಪಿಗೆ ದೊರೆತ ದರವು ಮಗ್ಗುಲಿನವನಿಗೆ ತಿಳಿಯುತ್ತದೆ. ತನಗೆ ಕಡಮೆಯಾದರೆ ರೈತನು ಏಕೆಂದು ಕೇಳುತ್ತಾನೆ. ಸೊಪ್ಪಿಗಿರುವ ಈ ಬೆಳಕು ಶ್ರಮಕ್ಕೇಕೆ ಇರಕೂಡದು?

ತನ್ನ ಸಂಬಳವನ್ನು ಹೇಳಿಕೊಳ್ಳದಿರುವುದು ಅವರವರ ಇಷ್ಟ. ಅದಕ್ಕೆ ಸಂಕೋಚವೂ ಕಾರಣವಾಗಬಹುದು, ಸಾಲ ಕೇಳುವ ನೆಂಟರ ಭಯವೂ ಕಾರಣವಾಗಬಹುದು. ಆದರೆ ಕೊಡುವವನು ತನ್ನ ಅನುಕೂಲಕ್ಕಾಗಿ ದುಡಿಯುವವರ ಬಾಯಿಗೆ ಬೀಗ ಹಾಕುವುದು ಬೇರೆ. ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯಿದೆಯು 1976ರಲ್ಲಿಯೇ ಬಂದಿತು. ಮಗ್ಗುಲಿನವನಿಗೆ ಎಷ್ಟೆಂಬುದೇ ತಿಳಿಯದಿದ್ದರೆ ಅಂತಹ ಕಾಯಿದೆಯನ್ನು ಹಿಡಿದು ಆಕೆಯು ಏನೆಂದು ಕೇಳಬೇಕು?

ಕೆಲಸ ಬಿಟ್ಟ ದಿನ ನಾವು ಆಕೆಗೆ ಎಲ್ಲವನ್ನೂ ತಿಳಿಸಿದೆವು. ಆಕೆ ಕೋಪಿಸಿಕೊಳ್ಳಲಿಲ್ಲ. “ಅಂದೇ ಹೇಳಿದ್ದರೆ ಅಂದೇ ಹೋಗಿ ಕೇಳುತ್ತಿದ್ದೆ, ಮೇಷ್ಟ್ರೇ” ಎಂದರು, ಅಷ್ಟೆ. ತಿಂಗಳಿಗೆ 4,000ದಂತೆ ಆಕೆ ಕಳೆದುಕೊಂಡುದನ್ನು ಲೆಕ್ಕಹಾಕುತ್ತ ನಾವು ಮನೆಗೆ ಬಂದೆವು. ಆ ಲೆಕ್ಕದಲ್ಲಿ ನಮ್ಮ ಮೌನದ ಪಾಲೂ ಇದ್ದಿತು.