‘ನ’ ಇದ್ದಲ್ಲಿ ಪೌಂಡ್ ಚಿಹ್ನೆ

ಪರಿಚಯದ ಹೆಣ್ಣುಮಗಳೊಬ್ಬರು ಕಚೇರಿಯೊಂದರಲ್ಲಿ ಗುಮಾಸ್ತೆ. ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿನ ಅಕ್ಷರಗಳನ್ನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಅವರಿಗೆ ಓದಿ ಹೇಳುತ್ತದೆ. ಅದರ ವೇಗಕ್ಕೆ ಪಕ್ಕದಲ್ಲಿ ಕೂತ ನನಗೆ ಒಂದು ಪದವೂ ಸಿಗಲಿಲ್ಲ. ಅವರು ಅಷ್ಟರಲ್ಲಿ ಪತ್ರ ತಿದ್ದಿ ಮುಗಿಸಿದ್ದರು.

ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ, ಎಲ್ಲರಿಗೂ ಉಚಿತವಾಗಿ ಸಿಗಲೆಂದೇ ಕಟ್ಟಿದ್ದು, ಶುರುವಾಗಿದ್ದು 2006ರಲ್ಲಿ. ಜೊತೆಗಿರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ಮತ್ತೆ ಕೆಲಸ ಎಲ್ಲಿ ನಿಲ್ಲುತ್ತದೆ?

ಮೇಲಿನ ಕಚೇರಿಯ ಸುತ್ತೋಲೆ ತೆರೆದು ‘ಕೇಳಿ ಸರ್’ ಅಂದರು. ಯಂತ್ರ ತುಟಿ ಬಿಚ್ಚಲಿಲ್ಲ. ಕಂಪ್ಯೂಟರಿನಲ್ಲೇ ಟೈಪಾದ ಪತ್ರ. ಪ್ರಿಂಟ್ ತೆಗೆದು, ಸಹಿ-ಸೀಲು ಹಾಕಿ, ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ಈಗ ಅದು ಬರಹವಲ್ಲ, ಬರಹದ ಫೋಟೊ. ಮೂಲ ಫೈಲು ಕಳಿಸಿದವರ ಬಳಿಯೇ ಇರುತ್ತದಲ್ಲ, ಅದನ್ನೂ ಜೊತೆಗಿಡಲು ಏನಡ್ಡಿ?

ಇನ್ನೊಂದು ಫೈಲಿಗೆ ಯಂತ್ರ ಬಾಯಿ ತೆರೆಯಿತು, ಅರ್ಥವಾಗದ ಭಾಷೆಯಲ್ಲಿ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ನಮಗೆ ‘ಕನ್ನಡ’ ಎಂದು ಕಾಣುವ ಪದ ಕಂಪ್ಯೂಟರಿನ ಒಳಗೆ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಆಮೇಲೆ ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ. ಕನ್ನಡ ಅಕ್ಷರವನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ಪಾಡಿಲ್ಲ. ಆ ಸೌಲಭ್ಯ ನುಡಿಯಲ್ಲೇ ಇದೆ. ಓದಿ ಹೇಳಲು ಪಕ್ಕದ ಮೇಜಿನವರಿಗೆ ಬಿಡುವಾಗುವವರೆಗೆ ಕಡತ ಕಾಯುತ್ತದೆ. ತಡವಾದರೆ ದೂರು ಬರುವುದು ಇವರ ಕಣ್ಣಿನ ಮೇಲೆ, ಫಾಂಟಿನ ಮೇಲಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಿಟ್ಟಿದೆ, ಅದರಲ್ಲಿ ಶೇ. 1 ಅಂಧರಿಗೆ, ಮಂದದೃಷ್ಟಿಯವರಿಗೆ. ಕುರ್ಚಿ ಕೊಟ್ಟ ಮೇಲೆ ಓದಲು ಬರುವಂಥ ಕಡತ ಕೊಡುವುದು ಯಾರ ಕೆಲಸ?

ಸಂಬಳದ ಖಾತೆಯದು ಬೇರೆಯೇ ಗೋಳು. ಆನ್‌ಲೈನ್ ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯಲ್ಲಿ, ಜೀವಂತ ಇದ್ದೀರೆಂದು ತೋರಿಸಲು, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ಆ್ಯಸಿಡ್ ದಾಳಿಯಲ್ಲಿ ಕಣ್ಣು, ಮುಖ ಕಳೆದುಕೊಂಡವರು, ಅಂಧರು ಸುಪ್ರೀಂ ಕೋರ್ಟಿನವರೆಗೆ ಹೋದರು. ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗ, ಬೇರೆ ದಾರಿ ಮಾಡಿಕೊಡಿ ಎಂದು 2025ರ ಏಪ್ರಿಲ್‌ನಲ್ಲಿ ತೀರ್ಪಾಯಿತು.

ಸುತ್ತೋಲೆಯನ್ನು ಯೂನಿಕೋಡ್‌ನಲ್ಲಿ ಕಳಿಸಿ ಅಂತಲೂ ಯಾರಾದರೂ ದೆಹಲಿಯವರೆಗೆ ಹೋಗಬೇಕೇ?