ಧರೂರಿನ ಹೊಳೆ, ದೂರದ ಹಿಮಗಿರಿ ಮತ್ತು ಜೊತೆಗಾರನ ಹೊಣೆ

ಗದ್ವಾಲದಿಂದ ಧರೂರಿಗೆ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಹೊಲಗಳು. ಬೀಜದ ಹತ್ತಿ, ಶೇಂಗಾ, ಮೆಣಸಿನಕಾಯಿ, ಕಾಲುವೆಯ ನೀರು ಬಂದಮೇಲೆ ನೆಲ್ಲು. ನಡುನಡುವೆ ಯಾರೋ ತಂದು ಸುರಿದಂತೆ ಬಿದ್ದಿರುವ ಕರಿಯ ಹುಂಡುಗಲ್ಲುಗಳು. ಪರ್ವತವೆಂದು ಹೇಳಿಕೊಳ್ಳುವಂಥದು ಇಲ್ಲಿ ಒಂದೂ ಇಲ್ಲ. ಊರ ಹೆಸರುಗಳನ್ನು ಕೇಳುತ್ತ ಹೋದರೆ ಮಾತ್ರ ಕನ್ನಡಿಗನ ಕಿವಿ ನಿಮಿರುತ್ತದೆ. ಗುಡ್ಡೆಂದೊಡ್ಡಿ ಎಂಬ ಹೆಸರನ್ನು ತೆಲುಗರಿಗೆ ಬಿಡಿಸಿ ಹೇಳಬೇಕಾದೀತು, ನಮಗೆ ಬೇಕಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. 1956ರ ನವೆಂಬರ್ 1ರ ವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಗೇ ಸೇರಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಗದ್ವಾಲ, ಆಲಂಪುರ ಎರಡನ್ನೂ ಬೇರ್ಪಡಿಸಿ ಮಹಬೂಬನಗರ ಜಿಲ್ಲೆಗೆ ಕೂಡಿಸಿದರು. ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. 2016ರ ಅಕ್ಟೋಬರ್ 11ರಂದು ಜೋಗುಳಾಂಬಾ ಗದ್ವಾಲ ಜಿಲ್ಲೆಯಾಯಿತು. ಕಚೇರಿಗಳು ಬದಲಾದರೂ ಬೀಗತನಗಳು ಹೊಳೆಯ ಆಚೆ ಈಚೆ ಮೊದಲಿನಂತೆಯೇ ನಡೆದಿವೆ.

ಈ ಸೀಮೆಯಲ್ಲಿ ಭಯಭಕ್ತಿಯಿಂದ ಕಾಣಬೇಕಾದುದು ಕೃಷ್ಣೆಯನ್ನು. ಧರೂರು ಮಂಡಲದ ರೇವುಲಪಲ್ಲಿಯ ಹತ್ತಿರ ಜುರಾಲ ಅಣೆಕಟ್ಟು ಹೊಳೆಯನ್ನು ಅಡ್ಡಗಟ್ಟಿದೆ. 1981ರಲ್ಲಿ ಅಡಿಗಲ್ಲು ಬಿದ್ದ ಈ ಯೋಜನೆಗೆ ಪ್ರಿಯದರ್ಶಿನಿ ಎಂಬ ಹೆಸರಿದೆ. ತಲಾ 39 ಮೆಗಾವಾಟಿನ ಆರು ಯಂತ್ರಗಳಿಂದ ಒಟ್ಟು 234 ಮೆಗಾವಾಟು ವಿದ್ಯುತ್ತು ಇಲ್ಲಿ ಹುಟ್ಟುತ್ತದೆ. ಕರ್ನಾಟಕದ ನೆಲವೂ ಹಿನ್ನೀರಿನಲ್ಲಿ ಮುಳುಗಿರುವುದರಿಂದ ಅದರಲ್ಲಿ ಅರ್ಧ ಪಾಲು ಆ ರಾಜ್ಯಕ್ಕೆ ಸಲ್ಲುತ್ತದೆ. ನೀರಿನ ಲಾಭವನ್ನು ಎರಡು ಸರ್ಕಾರಗಳು ಹೀಗೆ ಲೆಕ್ಕಹಾಕಿ ಹಂಚಿಕೊಂಡಿವೆ. ನೀರಿನಲ್ಲಿ ಒಂದು ಜೀವ ಹೋದಾಗ ಆ ಹೊಣೆಯನ್ನು ಹಂಚುವ ಲೆಕ್ಕ ಮಾತ್ರ ಇಷ್ಟು ಸುಲಭವಲ್ಲ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದೇ ನಮ್ಮ ಉದ್ದೇಶ.

ಅಣೆಕಟ್ಟಿನ ಮೇಲ್ಗಡೆ, ಮಕ್ತಲ್ ಸೀಮೆಗೂ ರಾಯಚೂರು ತಾಲೂಕಿಗೂ ನಡುವೆ, ಕೃಷ್ಣೆಯ ಹರವಿನಲ್ಲಿ ನಡುಗಡ್ಡೆಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮಕ್ತಲ್ ಕಡೆಯಿಂದ ಹೋಗುವವರು ಪಂಚದೇವಪಹಾಡದ ದಂಡೆಗೆ ಬಂದು ಹೊಳೆ ದಾಟುವುದು ರೂಢಿ. ಇಲ್ಲಿಯ ಹರಿಗೋಲು ದುಂಡನೆಯ ಬುಟ್ಟಿ. ಬಿದಿರಿನ ಹೆಣಿಗೆ; ಹೊರಮೈಗೆ ಹಿಂದೆ ತೊಗಲು, ಈಗ ಡಾಂಬರು ಬಳಿದ ಹಾಳೆ. ಇದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಹುಟ್ಟು ತಪ್ಪಿದರೆ ಗಿರ್ರನೆ ತಿರುಗುತ್ತದೆ. ಒಳಗೆ ಕುಳಿತವನು ಏಳಬಾರದು, ಒಂದೇ ಮಗ್ಗುಲಿಗೆ ಬಾಗಬಾರದು. ಒಬ್ಬನ ಚಾಪಲ್ಯಕ್ಕೆ ಎಲ್ಲರೂ ನೀರು ಕುಡಿಯಬೇಕಾಗುತ್ತದೆ.

2020ರ ಆಗಸ್ಟ್ ತಿಂಗಳಲ್ಲಿ, ಹೊಳೆ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ, ಕುರ್ವಕಲಾ ನಡುಗಡ್ಡೆಯ ಹದಿಮೂರು ಮಂದಿಯಿದ್ದ ಹರಿಗೋಲು ಮಗುಚಿತು. ಒಂಬತ್ತು ಮಂದಿ ಬದುಕಿದರು, ನಾಲ್ವರು ಕೊಚ್ಚಿಹೋದರು. ಅವರೇನೂ ಸಾಹಸಕ್ಕೆ ಹೊರಟವರಲ್ಲ. ಸಂತೆಗೆ, ದವಾಖಾನೆಗೆ, ಹೆಣ್ಣು ಕೊಟ್ಟ ಊರಿಗೆ ಹೋಗಬೇಕಾದರೆ ಆ ಜನಕ್ಕೆ ಬೇರೆ ದಾರಿಯಿರಲಿಲ್ಲ. ಇಂಥ ವಿಷಯದಲ್ಲಿ ಅಂಬಿಗನದು ತಪ್ಪು ಎಂದುಬಿಡುವುದು ಸುಲಭ. ಆದರೆ ತುಂಬಿದ ಹರಿಗೋಲಿಗೆ ನಾನೊಬ್ಬ ಎಂದು ಕಾಲಿಟ್ಟವನ ತಪ್ಪೆಷ್ಟು, ಸೇತುವೆ ಕಟ್ಟದವರ ತಪ್ಪೆಷ್ಟು ಎಂದು ಕೇಳುತ್ತ ಹೋದರೆ ಉತ್ತರ ಅಷ್ಟು ಬೇಗ ಸಿಕ್ಕುವುದಿಲ್ಲ.

ಕಳೆದ ವರ್ಷ ಧರೂರಿನಲ್ಲಿ ಪರಿಚಯದ ಮನೆಯೊಂದರಲ್ಲಿ ಕುಳಿತಿದ್ದಾಗ ಈ ಪ್ರಶ್ನೆ ಬೇರೊಂದು ರೂಪದಲ್ಲಿ ನಮ್ಮೆದುರಿಗೆ ಬಂದಿತು. ಆ ಮನೆಯ ಮಗ ಹೈದರಾಬಾದಿನಲ್ಲಿ ಉದ್ಯೋಗದಲ್ಲಿದ್ದಾನೆ. ಗೆಳೆಯರೊಡನೆ ಹಿಮಾಲಯ ಹತ್ತಲು ಹೊರಟಿದ್ದನು. ಗಿರಿಯನ್ನು ಚಿತ್ರದಲ್ಲಿ ಮಾತ್ರ ಕಂಡ ತಾಯಿ, ಹೊಳೆಯನ್ನು ಬಲ್ಲವಳು. ಆಕೆ ನಮ್ಮನ್ನು ಕೇಳಿದ್ದಿಷ್ಟೇ: “ಮಾಸ್ತರ್ರೇ, ಜೋಡಿ ಹೋದಾತ ನಡುವ ಕೈಬಿಟ್ಟು ಬಂದ್ರ ಯಾರನ್ನ ಕೇಳಬೇಕ್ರಿ?” ಮಗ ನಕ್ಕನು. “ಅವ್ವಾ, ನಾವೆಲ್ಲಾ ದೊಡ್ಡವರು, ನಮ್ಮ ಖುಷಿಲಿಂದ ಹೊಂಟೀವಿ, ಯಾರ್ನೂ ಕೇಳಾದಿಲ್ಲ” ಎಂದನು. ನಮಗೆ ನಗು ಬರಲಿಲ್ಲ. ತಾಯಿಯ ಪ್ರಶ್ನೆ ನ್ಯಾಯಾಧೀಶರು ಕೇಳತಕ್ಕ ಪ್ರಶ್ನೆಯಾಗಿತ್ತು. ಮಗನ ಉತ್ತರ ವಕೀಲರು ಕೊಡತಕ್ಕ ಉತ್ತರವಾಗಿತ್ತು.

ಆ ತಾಯಿಯ ಭಯ ಬರಿಯ ಊಹೆಯದಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರಕ್ಕೆ ಹೋಗಿದ್ದ 22 ಮಂದಿಯ ತಂಡವೊಂದು ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಹೊರಟವರು ಅವರು. ಬಹುತೇಕ ಬೆಂಗಳೂರಿನ ಕಡೆಯವರು, ಕೆಲವರು ವಯಸ್ಸಾದವರು, ಬೆಟ್ಟ ಹತ್ತಿ ಅನುಭವವಿದ್ದವರು. ಒಂಬತ್ತು ಮಂದಿ ಅಲ್ಲಿಯೇ ಕೊನೆಯುಸಿರೆಳೆದರು. ಹದಿಮೂರು ಮಂದಿ ಪಾರಾದರು. ಕರ್ನಾಟಕದ ಸಚಿವರೊಬ್ಬರು ಡೆಹರಾಡೂನಿಗೆ ಧಾವಿಸಿ ಬದುಕಿದವರನ್ನು ಕರೆತಂದರು. ಉತ್ತರಾಖಂಡ ಸರ್ಕಾರ ತನಿಖೆಗೆ ಆಜ್ಞಾಪಿಸಿತು. ಯಾರದು ದೋಷವೆಂದು ಇಲ್ಲಿ ಕುಳಿತು ತೀರ್ಪು ಹೇಳುವ ಧೈರ್ಯ ನಮಗಿಲ್ಲ, ಹೇಳಲೂಬಾರದು. ಕಣ್ಣು ಕತ್ತಲಿಸುವ ಹಿಮದಲ್ಲಿ, ಉಸಿರಿಗೇ ತತ್ವಾರವಾದ ಎತ್ತರದಲ್ಲಿ ನಿಂತವನ ಬುದ್ಧಿ, ನಡುಮನೆಯಲ್ಲಿ ಚಹಾ ಕುಡಿಯುತ್ತ ಪತ್ರಿಕೆ ಓದುವವನ ಬುದ್ಧಿಯಂತೆ ಕೆಲಸಮಾಡಲಾರದು.

ಇನ್ನು ನಮ್ಮ ಕಾನೂನು ಏನೆನ್ನುತ್ತದೆ? ದುಡುಕಿನ ಅಥವಾ ಅಲಕ್ಷ್ಯದ ಕೃತ್ಯದಿಂದ ಸಾವು ಸಂಭವಿಸಿದರೆ ಹಳೆಯ ದಂಡಸಂಹಿತೆಯ 304-ಎ ಕಲಮಿನಂತೆ ಎರಡು ವರ್ಷಗಳವರೆಗೆ ಸಜೆಯಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷಗಳಿಗೆ ಏರಿಸಿದೆ. ಕೃತ್ಯವೆಂದರೆ ಮಾಡಿದ್ದು ಮಾತ್ರವಲ್ಲ. ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೂ ಅದರಲ್ಲಿ ಸೇರುತ್ತದೆ. ಆದರೆ “ಮಾಡಬೇಕಾದುದು” ಎಂಬ ಮಾತಿನ ಹಿಂದೆ ಕಾನೂನಿನ ಕಟ್ಟು ಇರಬೇಕು. ದಾರಿಹೋಕನು ಮುಳುಗುವವನನ್ನು ನೋಡುತ್ತ ನಿಂತರೆ ಅದು ಮನುಷ್ಯತ್ವಕ್ಕೆ ಕಲಂಕವೇ ಹೊರತು ಈ ಕಲಮಿನ ಅಪರಾಧವಲ್ಲ. ತಂದೆ, ಕೂಲಿ ಪಡೆದ ಮಾರ್ಗದರ್ಶಿ, ಮಕ್ಕಳನ್ನು ಕರೆದೊಯ್ದ ಶಿಕ್ಷಕ, ಇವರ ಮಾತು ಬೇರೆ. ಇವರಿಗೆ ಕಟ್ಟು ಇದೆ.

ಮಗನ ಉತ್ತರಕ್ಕೂ ಸಂಹಿತೆಯಲ್ಲಿ ಆಧಾರವಿಲ್ಲದಿಲ್ಲ. ಹದಿನೆಂಟು ತುಂಬಿದವನು ಒಪ್ಪಿ ಅಪಾಯಕ್ಕೆ ಒಡ್ಡಿಕೊಂಡರೆ, ಎದುರಿನವನಿಗೆ ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶವಾಗಲಿ, ಸಾವು ಅಥವಾ ತೀವ್ರ ಗಾಯ ಆಗಬಹುದೆಂಬ ಅರಿವಾಗಲಿ ಇಲ್ಲದಿದ್ದರೆ, ಆದ ಕೇಡು ಅಪರಾಧವಲ್ಲ ಎಂಬುದು ಹಳೆಯ 87ನೆಯ ಕಲಮು, ಹೊಸ 25ನೆಯದು. ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರನ್ನು ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆದರೆ ಅದರಲ್ಲಿಯೇ ಷರತ್ತೂ ಇದೆ: ವರಸೆಯಲ್ಲಿ ಮೋಸವಿರಕೂಡದು. ಒಪ್ಪಿದ್ದು ಆಟದ ಅಪಾಯಕ್ಕೆ, ಜೊತೆಗಾರನ ಬೇಜವಾಬ್ದಾರಿಗೆ ಅಲ್ಲ. ಸಾವಿಗೂ ಅಲಕ್ಷ್ಯಕ್ಕೂ ನೇರ ಸಂಬಂಧ ಸಿದ್ಧವಾಗಬೇಕೆಂಬುದನ್ನೂ ಮರೆಯಬಾರದು. ಮುಂಬಯಿಯ ಬಣ್ಣದ ಕಾರ್ಖಾನೆಯೊಂದರ ಬೆಂಕಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿ, ಸಾವುಗಳಿಗೆ ಸಂಬಂಧಿಸಿದ ಆರೋಪದಿಂದ ಅಲ್ಲಿಯ ಮೇಲ್ವಿಚಾರಕನನ್ನು ಬಿಡುಗಡೆಗೊಳಿಸಿತು.

ಹಾಗಾದರೆ ಕೂಲಿಯಿಲ್ಲದೆ, ಸ್ನೇಹದಿಂದ ಕೂಡಿ ಹೋದವನಿಗೆ ಕಟ್ಟು ಇದೆಯೋ ಇಲ್ಲವೋ? ಈ ಪ್ರಶ್ನೆ ಇತ್ತೀಚೆಗೆ ಆಸ್ಟ್ರಿಯಾ ದೇಶದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಗ್ರೋಸ್‌ಗ್ಲಾಕ್ನರ್ ಆ ದೇಶದ ಅತ್ಯುನ್ನತ ಶಿಖರ, ಎತ್ತರ 3,798 ಮೀಟರು. 2025ರ ಜನವರಿಯ ಕಡುಚಳಿಯ ರಾತ್ರಿ ಒಬ್ಬ ತರುಣನೂ ಅವನ ಗೆಳತಿಯೂ ಅದನ್ನು ಏರುತ್ತಿದ್ದರು. ಶಿಖರಕ್ಕೆ ಸುಮಾರು 50 ಮೀಟರು ಕೆಳಗೆ ಆಕೆ ಸೋತು ಕುಸಿದಳು. ಅವನು ನೆರವು ತರುವೆನೆಂದು ನಡುರಾತ್ರಿಯ ಮೇಲೆ ಆಕೆಯನ್ನು ಅಲ್ಲಿಯೇ ಬಿಟ್ಟು ಇಳಿದನು. ಬೆಳಗಿನಲ್ಲಿ ರಕ್ಷಕರು ಮುಟ್ಟುವ ಹೊತ್ತಿಗೆ ಆಕೆ ಶೀತದಿಂದ ಸತ್ತಿದ್ದಳು. ಅನುಭವ ಹೆಚ್ಚಾಗಿದ್ದವನು ಇವನು, ಯೋಜನೆ ಹಾಕಿದವನು ಇವನು. ಆದುದರಿಂದ ಇವನನ್ನು ಮಾರ್ಗದರ್ಶಿಯೆಂದೇ ಭಾವಿಸಬೇಕು ಎಂದು ಸರ್ಕಾರಿ ವಕೀಲರು ವಾದಿಸಿದರು. ತಡವಾಗಿ ಹೊರಟದ್ದು, ಬಿರುಗಾಳಿಯನ್ನು ಕಂಡೂ ಹಿಂತಿರುಗದಿದ್ದದ್ದು, ಸಕಾಲಕ್ಕೆ ನೆರವು ಬೇಡದಿದ್ದದ್ದು, ಕೈಯಲ್ಲಿದ್ದ ಹೊದಿಕೆಯನ್ನು ಆಕೆಗೆ ಹೊದಿಸದೆ ಹೋದದ್ದು, ಹೀಗೆ ಆರೋಪಗಳ ಪಟ್ಟಿಯೇ ಇದ್ದಿತು. ಇಬ್ಬರೂ ಕೂಡಿಯೇ ನಿಶ್ಚಯಿಸಿದೆವು, ಆಕೆಯೂ ಅನನುಭವಿಯಲ್ಲ ಎಂಬುದು ಪ್ರತಿವಾದ. ಇನ್ಸ್‌ಬ್ರುಕ್ ನಗರದ ನ್ಯಾಯಾಲಯ 2026ರ ಫೆಬ್ರವರಿಯಲ್ಲಿ ಅವನನ್ನು ದೋಷಿಯೆಂದು ಸಾರಿ, ಅಮಾನತಿನಲ್ಲಿಟ್ಟ ಐದು ತಿಂಗಳ ಸಜೆಯನ್ನೂ ದಂಡವನ್ನೂ ವಿಧಿಸಿತು. ಹಣ ಪಡೆಯದಿದ್ದರೂ ಮುಂದಾಳುತನ ವಹಿಸಿದವನಿಗೆ ಮುಂದಾಳಿನ ಹೊಣೆ ಬರುತ್ತದೆಂಬುದು ಆ ನಾಡಿನ ವಿಚಾರ. ಮೇಲೆ ನಿಂತು ನೋಡಿದರೆ ಶಿಕ್ಷೆ ಚಿಕ್ಕದೆನಿಸೀತು. ತೀರ್ಪಿನ ತೂಕ ಸಜೆಯ ತಿಂಗಳುಗಳಲ್ಲಿಲ್ಲ, ಸ್ನೇಹಕ್ಕೂ ಕಾನೂನಿನ ಕಟ್ಟು ಉಂಟೆಂದು ಹೇಳಿದುದರಲ್ಲಿದೆ ಎಂದು ನಾವು ತಿಳಿಯುತ್ತೇವೆ.

ಈ ತೀರ್ಪನ್ನು ಒಪ್ಪದವರೂ ಇದ್ದಾರೆ. ಕುಶಲನಾದವನೆಲ್ಲ ಹೀಗೆ ಹೊಣೆಗಾರನಾದರೆ ಇನ್ನು ಕಲಿಯುವವನನ್ನು ಯಾರು ಕರೆದೊಯ್ದಾರು ಎಂಬುದು ಅವರ ಆಕ್ಷೇಪಣೆ. ಅದು ತಳ್ಳಿಹಾಕುವಂಥದಲ್ಲ. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಹಗ್ಗ ಹರಿದು ಸತ್ತರು. ಹಗ್ಗವನ್ನು ಬೇಕೆಂದೇ ಕೊಯ್ದನೆಂಬ ಅಪವಾದ ಬದುಕಿದ ಮಾರ್ಗದರ್ಶಿಯ ಮೇಲೆ ಬಂದಿತು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾದರೂ ಜನರ ಬಾಯಿ ಮುಚ್ಚಲಿಲ್ಲ. ಬದುಕಿ ಬಂದದ್ದೇ ಅಪರಾಧವೆಂಬಂತೆ ನೋಡುವ ಕಣ್ಣು ಎಲ್ಲ ದೇಶಗಳಲ್ಲಿಯೂ ಇರುತ್ತದೆ. ನಮ್ಮ ಹೊಳೆಯ ದಂಡೆಯಲ್ಲೂ ಈಜಿ ದಡ ಸೇರಿದವನನ್ನು “ನೀ ಹ್ಯಾಂಗ ಉಳಿದಿ?” ಎಂದು ಕೇಳುವವರುಂಟು. ಅವನ ಎದೆಗೆ ಆ ಮಾತು ನೀರಿಗಿಂತ ಭಾರ.

ನಮ್ಮ ತೆಲಂಗಾಣಕ್ಕೇ ಹತ್ತಿದ ಗಾಯವೊಂದನ್ನು ಇಲ್ಲಿ ನೆನೆಯಬೇಕು. 2014ರ ಜೂನ್ 8ರಂದು ಹಿಮಾಚಲದಲ್ಲಿ, ಲಾರ್ಜಿ ಅಣೆಕಟ್ಟಿನ ಕೆಳಗೆ, ಬಿಯಾಸ್ ನದಿಯ ಬಂಡೆಗಳ ಮೇಲೆ ಚಿತ್ರ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು, ಹಠಾತ್ತಾಗಿ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಹಿಮಾಚಲದ ಹೈಕೋರ್ಟು 2016ರ ಜನವರಿಯಲ್ಲಿ ಪ್ರತಿ ಕುಟುಂಬಕ್ಕೆ 20 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಅದರಲ್ಲಿ ನೂರಕ್ಕೆ 60ರ ಪಾಲು ವಿದ್ಯುತ್ ಮಂಡಳಿಗೆ, 30 ಕಾಲೇಜಿಗೆ, 10 ರಾಜ್ಯ ಸರ್ಕಾರಕ್ಕೆ. ಹೊಣೆಯನ್ನು ಹೀಗೆ ತಕ್ಕಡಿಯಲ್ಲಿಟ್ಟು ತೂಗಿದ್ದನ್ನು ಶಾಲೆಯ ಹಾಜರಿ ಪುಸ್ತಕ ಹಿಡಿದವರೆಲ್ಲರೂ ಒಮ್ಮೆ ಓದಬೇಕು. ನೀರು ಬಿಟ್ಟವನ ತಪ್ಪು ದೊಡ್ಡದಾದರೂ ಕರೆದೊಯ್ದವನ ಪಾಲು ಸೊನ್ನೆಯಾಗಲಿಲ್ಲ.

ಜುರಾಲದ ಗೇಟು ಎತ್ತಿದ ದಿನಗಳಲ್ಲಿ ನೀರಿನ ಅಬ್ಬರ ನೋಡಲು ರಾಯಚೂರು, ಗದ್ವಾಲ, ಮಕ್ತಲ್ ಕಡೆಯ ಜನ ಬಂಡಿಬಂಡಿಯಾಗಿ ಬರುತ್ತಾರೆ. ಅದು ನೋಡತಕ್ಕ ನೋಟವೇ ಸರಿ. ಬೆಳ್ಳಗೆ ನೊರೆಯೆದ್ದು ಬೀಳುವ ನೀರಿನ ತುಂತುರು ದೂರದಲ್ಲಿ ನಿಂತವನ ಮುಖಕ್ಕೂ ಸಿಡಿಯುತ್ತದೆ. ಕೆಳಗಿನ ಹಾಸುಬಂಡೆಗಳಿಗೆ ಇಳಿಯುವ ಆಸೆ ಹುಡುಗರಿಗೆ ಆಗುವುದು ಸಹಜ. ಆಗ ತಂಡದಲ್ಲಿ ಹಿರಿಯನೆನಿಸಿದವನು ಮೊಬೈಲು ಹಿಡಿದು “ಇನ್ನೊಂದು ಹೆಜ್ಜಿ ಹಿಂದ ಸರಿ” ಎನ್ನುತ್ತಿರುತ್ತಾನೆ. ಆ ಘಳಿಗೆಯಲ್ಲಿ ಅವನು, ತನಗೆ ಅರಿವಿಲ್ಲದೆಯೇ, ಮಾರ್ಗದರ್ಶಿಯಾಗಿರುತ್ತಾನೆ.

ಆ ತಾಯಿಗೆ ನಾವು ಕೊಟ್ಟ ಉತ್ತರ ಹೀಗಿದ್ದಿತು. ನಮ್ಮ ದೇಶದಲ್ಲಿ ಬರಿಯ ಗೆಳೆಯನನ್ನು ಕೋರ್ಟಿಗೆ ಎಳೆಯುವುದು ಕಷ್ಟ. ಹಣ ಪಡೆದು ಕರೆದೊಯ್ಯುವವರನ್ನು ಕೇಳಬಹುದು. ಮುಂದಾಳು ಯಾರೆಂದು ಹೊರಡುವ ಮೊದಲೇ ಗೊತ್ತಾಗಿದ್ದರೆ ಮಾತ್ರ ಆಮೇಲೆ ಕೇಳುವುದಕ್ಕೆ ಒಂದು ಹೆಸರಾದರೂ ಇರುತ್ತದೆ. ಮಗನನ್ನು ಕರೆದು, ನಿಮ್ಮಲ್ಲಿ ಹಿಂತಿರುಗೋಣವೆಂದು ಹೇಳುವ ಅಧಿಕಾರ ಯಾರಿಗೆ ಎಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದನು. ಅದನ್ನು ಅವರು ಮಾತಾಡಿಯೇ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವನು ಒಂದು ಹಾಳೆಯಲ್ಲಿ ಆರು ಹೆಸರುಗಳು, ಅವರ ಮನೆಯ ದೂರವಾಣಿ ಸಂಖ್ಯೆಗಳು, ಕರೆದೊಯ್ಯುವ ಸಂಸ್ಥೆಯ ವಿಳಾಸ, ಯಾವ ದಿನ ಎಲ್ಲಿ ತಂಗುವುದು, ಎಷ್ಟು ಗಂಟೆಯೊಳಗೆ ಶಿಖರ ಮುಟ್ಟದಿದ್ದರೆ ಹಿಂತಿರುಗುವುದು, ಇಷ್ಟನ್ನೂ ಬರೆದನು. ಹಿಂತಿರುಗುವ ಮಾತು ಹೇಳತಕ್ಕವಳೆಂದು ಒಬ್ಬ ಹುಡುಗಿಯ ಹೆಸರಿನ ಕೆಳಗೆ ಗೆರೆ ಎಳೆದಿದ್ದನು. ಆಕೆ ಹಿಂದೆ ಎರಡು ಸಲ ಹಿಮಾಲಯ ಕಂಡವಳಂತೆ. ತಾಯಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬಾರದು. ಆದುದರಿಂದ ಹಾಳೆಯನ್ನು ಮತ್ತೊಮ್ಮೆ ಕನ್ನಡದಲ್ಲಿ ಬರೆಸಿಕೊಂಡು, ಮಡಿಚಿ, ಪಂಚಾಂಗದೊಳಗೆ ಇಟ್ಟುಕೊಂಡಳು. ಮಗ ಹೇಳಿದ ದಿನಕ್ಕೆ ಹಿಂತಿರುಗಿದನು. ಶಿಖರಕ್ಕೆ ಇನ್ನೂ ಅರ್ಧ ದಾರಿಯಿರುವಾಗಲೇ ಮೋಡ ಕಟ್ಟಿತೆಂದು ಆ ಹುಡುಗಿ ಎಲ್ಲರನ್ನೂ ಇಳಿಸಿಕೊಂಡು ಬಂದಳಂತೆ. ಅದಕ್ಕೆ ಅವನಿಗೆ ಇನ್ನೂ ಸ್ವಲ್ಪ ಅಸಮಾಧಾನವಿದೆ.