ತಾಳೆಯಾಗದ ಲೆಕ್ಕ

ಲೆಕ್ಕವು ತಾಳೆಯಾಗಲಿಲ್ಲವೆಂದು ಹೇಳುವುದಕ್ಕೆ ವಿಶೇಷ ಬುದ್ಧಿಯೇನೂ ಬೇಕಾಗಿಲ್ಲ. ಎಲ್ಲಿ ತಾಳೆಯಾಗಲಿಲ್ಲವೆಂದು ತೋರಿಸುವುದರಲ್ಲಿಯೇ ಜಾಣತನವಿರುವುದು. ತಿಂಗಳ ದಿನಸಿಯು ಬಂದಾಗ ಮನೆಯವರು ತಾವು ಬರೆದುಕೊಟ್ಟ ಪಟ್ಟಿಯನ್ನೂ ಅಂಗಡಿಯ ಚೀಟಿಯನ್ನೂ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ನೋಡುವರು. “ಎರಡೂ ಒಂದೇ ಅಲ್ಲ” ಎಂದಿಷ್ಟೇ ಹೇಳಿ ಸುಮ್ಮನಾಗುವುದಿಲ್ಲ. “ತೊಗರಿಬೇಳೆ ಎರಡು ಕಿಲೋ ಬರೆದಿದ್ದೆವು, ಒಂದೇ ಬಂದಿದೆ” ಎನ್ನುವರು. ಮುಂದೆ ಮಾಡತಕ್ಕ ಕೆಲಸವು ಅಂಗಡಿಯವನಿಗೆ ಆ ಒಂದು ಮಾತಿನಿಂದ ತಿಳಿಯುತ್ತದೆ.

ನಮ್ಮ ಉದ್ಯೋಗವು ಸಾಫ್ಟ್‌ವೇರ್ ಬರೆಯುವುದು. ಅಲ್ಲಿಯೂ ಇಂಥದೇ ಹೋಲಿಕೆಯುಂಟು. ಪ್ರೋಗ್ರಾಂ ಬರೆಯುವವರು ಅದರೊಡನೆ ಟೆಸ್ಟುಗಳನ್ನೂ ಬರೆದಿಡುವರು. ಬರಬೇಕಾದ ಉತ್ತರವು ಒಂದು ಕಡೆ, ಬಂದ ಉತ್ತರವು ಮತ್ತೊಂದು ಕಡೆ. ಕಂಪ್ಯೂಟರು ಎರಡನ್ನೂ ಹೋಲಿಸಿ ತೀರ್ಪು ಕೊಡುವುದು. ಉತ್ತರವು ಬರಿಯ ಸಂಖ್ಯೆಯಾದರೆ ತೊಡಕಿಲ್ಲ. ಆದರೆ ಅನೇಕ ವೇಳೆ ಅದು ಹೆಸರು, ವಿಳಾಸ, ಬೆಲೆ, ದಿನಾಂಕ ಮುಂತಾದ ಹತ್ತಾರು ಅಂಶಗಳನ್ನು ಕಟ್ಟಿದ ಗಂಟು. ಇದಕ್ಕೆ ಆಬ್ಜೆಕ್ಟ್ ಎಂದು ಹೆಸರು.

ಜಾವಾ ಭಾಷೆಯಲ್ಲಿ, ಬರೆದವರು ಬೇರೆ ಏರ್ಪಾಡು ಮಾಡದಿದ್ದರೆ, ಈ ಗಂಟು ತನ್ನ ಪರಿಚಯವನ್ನು ಹೇಳಿಕೊಳ್ಳುವ ರೀತಿ ವಿಚಿತ್ರವಾದುದು: ತನ್ನ ವರ್ಗದ ಹೆಸರು, ಒಂದು ಆ್ಯಟ್ ಚಿಹ್ನೆ, ಆಮೇಲೆ ಅರ್ಥವಾಗದ ಅಂಕೆ-ಅಕ್ಷರಗಳ ಸಾಲು. ಟೆಸ್ಟು ಸೋತಾಗ ಇಂಥ ಎರಡು ಸಾಲುಗಳು ಕಾಣುವುವೇ ಹೊರತು ಒಳಗಿರುವುದೇನೆಂಬುದು ತಿಳಿಯದು. ಗಂಟು ತನ್ನೊಳಗಿನದನ್ನು ಹೇಳುವಂತೆ ಟೂಸ್ಟ್ರಿಂಗ್ ಎಂಬ ವಿಧಾನವನ್ನು ಬರೆಯುವುದು ಮೊದಲನೆಯ ಪರಿಹಾರ. 2021ರಲ್ಲಿ ಜಾವಾದ 16ನೆಯ ಆವೃತ್ತಿಯೊಡನೆ ನೆಲೆಗೊಂಡ ರೆಕಾರ್ಡ್ ಎಂಬ ಬಗೆಯು ಈ ಕೆಲಸವನ್ನು ತಾನೇ ಮಾಡಿಕೊಳ್ಳುವುದು.

ಆದರೂ ಕಷ್ಟವು ಪೂರ್ತಿ ತೀರದು. ನಲವತ್ತು ಅಂಶಗಳ ಎರಡು ಉದ್ದ ಸಾಲುಗಳಲ್ಲಿ ಒಂದೇ ಒಂದು ಬೇರೆಯಾಗಿದ್ದರೆ ಕಣ್ಣು ದಣಿಯುವುದು. ನಮ್ಮ ಜೊತೆಯ ತರುಣನೊಬ್ಬನು ಇಂಥ ಎರಡು ಸಾಲುಗಳ ಮುಂದೆ ಒಂದು ಮಧ್ಯಾಹ್ನವೆಲ್ಲ ಕುಳಿತಿದ್ದುದನ್ನು ಕಂಡೆವು. ಕಡೆಗೆ ಸಿಕ್ಕಿದ್ದು ತೆರಿಗೆಯಲ್ಲಿ ಒಂದು ಪೈಸೆಯ ಅಂತರ. ಮರುದಿನವೇ ನಾವಿಬ್ಬರೂ ಕುಳಿತು, ಅಂಶ ಅಂಶವನ್ನೂ ಹೋಲಿಸಿ, ಬೇರೆಯಾದುದನ್ನು ಮಾತ್ರ ಹೆಸರುಸಹಿತ ಹೇಳುವಂತೆ ಟೆಸ್ಟನ್ನು ತಿದ್ದಿದೆವು. ಇದು ಹೊಸ ವಿದ್ಯೆಯಲ್ಲ. 1974ರಲ್ಲಿಯೇ ಯೂನಿಕ್ಸ್‌ನೊಡನೆ ಹೊರಬಂದ ಡಿಫ್ ಎಂಬ ಪ್ರೋಗ್ರಾಂ ಎರಡು ಕಡತಗಳಲ್ಲಿ ಬದಲಾದ ಸಾಲುಗಳನ್ನಷ್ಟೇ ತೋರಿಸುತ್ತಿತ್ತು. ಪೈಥಾನ್ ಭಾಷೆಯ ಪೈಟೆಸ್ಟ್ ಈಗ ಡೇಟಾಕ್ಲಾಸ್ ಎಂಬ ಬಗೆಯ ಆಬ್ಜೆಕ್ಟುಗಳನ್ನು ಹೋಲಿಸುವಾಗ ಬೇರೆಯಾದ ಅಂಶವನ್ನು ಹೆಸರಿಸಿ ಹೇಳುವುದು.

ಕೆಲವು ವ್ಯತ್ಯಾಸಗಳು ಕಣ್ಣಿಗೇ ಕಾಣವು. “10 ಬರಬೇಕಾಗಿತ್ತು, 10 ಬಂದಿತು, ಆದುದರಿಂದ ತಪ್ಪು” ಎಂದರೆ ಯಾರಿಗೆ ನಗು ಬಾರದು? ಒಂದು ಸಂಖ್ಯೆ, ಇನ್ನೊಂದು ಅಕ್ಷರರೂಪದಲ್ಲಿ ಬರೆದ ಹತ್ತು. ವರದಿಯು ಎರಡರ ಬಗೆಯನ್ನೂ ಹೇಳಿದರೆ ಮಾತ್ರ ಒಗಟು ಬಿಡುವುದು. ನಮ್ಮ ಕನ್ನಡದಲ್ಲಿಯೂ ಇಂಥದೊಂದುಂಟು. ‘ಗೋಧಿ’ ಎಂಬಲ್ಲಿಯ ಓಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಗೋಧಿ. ಟೆಸ್ಟಿಗೆ ಬೇರೆ ಬೇರೆ. ಇಂಥಲ್ಲಿ ಸಂಕೇತಗಳ ಸಂಖ್ಯೆಯನ್ನೂ ಬರೆದು ತೋರಿಸಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇಕೆ ಎಂದು ವಾಚಕರು ಕೇಳಬಹುದು. ಅರ್ಥವಾಗದ ವರದಿಗಳನ್ನು ದಿನವೂ ಕಂಡವನು ಓದುವುದನ್ನು ಬಿಡುವನು. ಬರಬೇಕಾದ ಉತ್ತರವನ್ನೇ ಅಳಿಸಿ, ಬಂದ ಉತ್ತರವನ್ನು ಅದರ ಜಾಗದಲ್ಲಿ ಬರೆದರೆ ಟೆಸ್ಟು ಗೆಲ್ಲುವುದು. ಅವನಿಗೆ ಮನೆಗೆ ಹೋಗಲು ಅಪ್ಪಣೆ ದೊರೆಯುವುದು. ಅಂದಿನಿಂದ ಆ ಟೆಸ್ಟು ಸುಳ್ಳುಸಾಕ್ಷಿ. ಆ ಪೈಸೆಯ ತಪ್ಪು ಸಾವಿರಾರು ಮನೆಗಳ ಬಿಲ್ಲುಗಳಲ್ಲಿ ಸೇರಿಹೋದರೂ ಎಚ್ಚರಿಸುವವರಿರುವುದಿಲ್ಲ. ದೋಷವನ್ನು ಕಂಡುಹಿಡಿದವರು ಅದನ್ನು ತಿದ್ದತಕ್ಕವರಿಗೆ ತಿಳಿಯುವಂತೆ ಹೇಳುವವರೆಗೆ ಕೆಲಸವು ಅರ್ಧವೇ ಆದಂತೆಂದು ನಮಗೆ ತೋರುತ್ತದೆ.